ಬೋಟಿನಲ್ಲಿ ಇಂಟರ್ನೆಟ್ ಮತ್ತು ಟಿವಿ: ಕಾಸರಗೋಡಿನ ಕಡಲು, ಹಿನ್ನೀರಿಗೆ ಸಮಗ್ರ ಮಾರ್ಗದರ್ಶಿ

ಮಂಜೇಶ್ವರ, ಕುಂಬಳೆ, ಕಾಸರಗೋಡಿನ ಮೀನುಗಾರಿಕೆ ಬೋಟಿನವರು ಕೇಳುವುದೂ, ನೀಲೇಶ್ವರ, ವಲಿಯಪರಂಬ ಕಡೆ ಹೌಸ್‌ಬೋಟ್ ನಡೆಸುವವರು ಕೇಳುವುದೂ ಒಂದೇ ಪ್ರಶ್ನೆ. ಟಿವಿ ತಂದಾಯಿತು, ರೂಟರ್ ತಂದಾಯಿತು, ದಡದಲ್ಲಿ ಚೆನ್ನಾಗಿ ಓಡಿತು. ದಡ ಬಿಟ್ಟು ಸ್ವಲ್ಪ ಹೊತ್ತಿಗೆ ಪರದೆಯ ಮೇಲೆ ಚಕ್ರ ತಿರುಗುತ್ತಾ ಕೂರುತ್ತದೆ. ಯಾಕೆ?

ಬಹುಪಾಲು ಸಂದರ್ಭದಲ್ಲಿ ಸಾಮಾನು ಕೆಟ್ಟದ್ದಿರುವುದಿಲ್ಲ, ಕೆಲಸದ ಕ್ರಮ ತಪ್ಪಿರುತ್ತದೆ. ಮೊದಲು ದೊಡ್ಡ ಟಿವಿ, ಆಮೇಲೆ ಸಿಕ್ಕಿದ ರೂಟರ್, ಉಳಿದ ಹಣದಲ್ಲಿ ಆಂಟೆನಾ. ವಯರು, ಬ್ಯಾಟರಿಯ ಯೋಚನೆ ಯಾರೂ ಮಾಡುವುದಿಲ್ಲ. ಇದನ್ನು ಪೂರ್ತಿ ತಿರುವಿ ಹಾಕಿ. ಮೊದಲು ಸಿಗ್ನಲ್ ಅಳೆಯಿರಿ. ಹಣದ ದೊಡ್ಡ ಪಾಲು ಆಂಟೆನಾದ ಎತ್ತರಕ್ಕೂ ಒಳ್ಳೆಯ ವಯರಿಗೂ ಹೋಗಲಿ. ಟಿವಿ ಕೊನೆಗೆ ಸಾಕು.

## ಮೊದಲು ನಿಮ್ಮ ನೀರು ಯಾವುದು ನೋಡಿ

ಹಿನ್ನೀರು, ಚಂದ್ರಗಿರಿ ಅಥವಾ ಶಿರಿಯದಂಥ ಹೊಳೆಯಲ್ಲಿ ಟವರ್ ಹತ್ತಿರವೇ ಇರುತ್ತದೆ. ತೊಂದರೆ ಕೊಡುವುದು ಮುರಕಲ್ಲಿನ ಗುಡ್ಡ ಮತ್ತು ತೆಂಗಿನ ತೋಟ. ಒದ್ದೆ ಎಲೆಗಳು ಸಿಗ್ನಲನ್ನು ಇನ್ನೂ ಜಾಸ್ತಿ ತಡೆಯುತ್ತವೆ. ಇಲ್ಲಿ ಸಾಧಾರಣ ಆಂಟೆನಾ ಇದ್ದರೂ ಕೆಲಸ ನಡೆಯುತ್ತದೆ.

ಬೆಳಗ್ಗೆ ಹೋಗಿ ಸಂಜೆ ಬರುವ ಬೋಟಿಗೆ ಅಡ್ಡ ಏನೂ ಇಲ್ಲ, ಆದರೆ ಭೂಮಿಯ ಬಾಗು ಇದೆ. 40 ಮೀಟರ್ ಎತ್ತರದ ಟವರು, ನೀರಿನಿಂದ 6 ಮೀಟರ್ ಎತ್ತರದ ಆಂಟೆನಾ ಅಂದುಕೊಳ್ಳಿ. ಸಿಗ್ನಲ್ ನೇರವಾಗಿ ತಲುಪುವ ಗರಿಷ್ಠ ದೂರ ಸುಮಾರು 36 ಕಿಲೋಮೀಟರ್, ಅಂದರೆ 19 ನಾಟಿಕಲ್ ಮೈಲು. ಇದು ಲೆಕ್ಕದ ಗಡಿ. ವಿಡಿಯೊ ನಿಲ್ಲದೆ ಓಡುವ ದೂರ ಇದಕ್ಕಿಂತ ಬಹಳ ಕಡಿಮೆ.

ಹಲವು ದಿನ ಆಳಸಮುದ್ರದಲ್ಲಿ ಇರುವ ಬೋಟಿಗೆ ಮೊಬೈಲ್ ಇಂಟರ್ನೆಟ್ ದಾರಿಯಲ್ಲ. ನೀವು ನೇರ ಹಂತ 7 ಓದಿ.

## ಬೇಕಾಗುವ ಸಾಮಾನು

ಡಿಜಿಟಲ್ ಮಲ್ಟಿಮೀಟರ್, ಎರಡು ಬೇರೆ ಕಂಪನಿಯ ಸಿಮ್, ಹೊರಗಿನ ಆಂಟೆನಾ ಜೋಡಿಸಲು ಜಾಗ ಇರುವ 4ಜಿ ರೂಟರ್, ಎರಡು ತಂತಿಯ ಹೊರಾಂಗಣ ಆಂಟೆನಾ, ನೀರು ನುಗ್ಗದ ಪ್ಲಾಸ್ಟಿಕ್ ಪೆಟ್ಟಿಗೆ, ಸ್ಟೇನ್‌ಲೆಸ್ ಸ್ಟೀಲ್ ಕ್ಲಾಂಪು, ಫ್ಯೂಸ್ ಹೋಲ್ಡರ್, 2.5 ಚದರ ಮಿಲಿಮೀಟರ್ ತಾಮ್ರದ ವಯರು. ಇವುಗಳ ಜೊತೆ, ಎಳೆದು ಸುತ್ತಿದರೆ ತನ್ನಷ್ಟಕ್ಕೇ ಅಂಟಿಕೊಳ್ಳುವ ರಬ್ಬರ್ ಟೇಪು ಮರೆಯಬೇಡಿ. ಮಾಮೂಲಿ ಕರಿ ಇನ್ಸುಲೇಷನ್ ಟೇಪು ಉಪ್ಪುಗಾಳಿಗೆ ಬಾಳುವುದಿಲ್ಲ.

## ಹಂತ 1: ಸಿಗ್ನಲ್ ಅಳೆದು ಬರೆದಿಡಿ

ಫೋನಿನಲ್ಲಿ ಕಾಣುವ ಕಡ್ಡಿಗಳನ್ನು ನಂಬಬೇಡಿ. ಒಂದೊಂದು ಫೋನು ಒಂದೊಂದು ಥರ ತೋರಿಸುತ್ತದೆ. ಆಂಡ್ರಾಯ್ಡ್ ಫೋನಿನ ಸೆಟ್ಟಿಂಗ್ಸ್‌ನಲ್ಲಿ ಸಿಮ್ ಸ್ಟೇಟಸ್ ತೆರೆದರೆ ಸಿಗ್ನಲ್ ಬಲ ಡಿಬಿಎಂನಲ್ಲಿ ಸಿಗುತ್ತದೆ. ಅದು ಮೈನಸ್ ಅಂಕಿ. 4ಜಿಯಲ್ಲಿ ಮೈನಸ್ 85ರ ಆಸುಪಾಸು ಇದ್ದರೆ ಬಹಳ ಒಳ್ಳೆಯದು. ಮೈನಸ್ 100ರವರೆಗೆ ಟಿವಿ ನೋಡಬಹುದು. ಮೈನಸ್ 110 ದಾಟಿದರೆ ವಾಟ್ಸಾಪ್ ಮೆಸೇಜು ಹೋದರೆ ಹೋಯಿತು. ಮೈನಸ್ 120ಕ್ಕೆ ಸಂಪರ್ಕ ಕಡಿಯುತ್ತದೆ.

ನೀವು ನಿಜವಾಗಿ ಹೋಗುವ ದಾರಿಯಲ್ಲಿ ಒಮ್ಮೆ ಹೋಗಿ ಬನ್ನಿ. ಬಂದರಿನಲ್ಲಿ, ಅಳಿವೆ ದಾಟುವಾಗ, ಆಮೇಲೆ ಪ್ರತಿ ಎರಡು ನಾಟಿಕಲ್ ಮೈಲಿಗೊಮ್ಮೆ ಎರಡೂ ಸಿಮ್‌ನ ಅಂಕಿ ಬರೆದುಕೊಳ್ಳಿ. ಜೊತೆಗೆ ಸ್ಪೀಡ್ ಟೆಸ್ಟ್ ಮಾಡಿ. ಬಂದರಿನ ಹತ್ತಿರ ಸಂಜೆ ಹೊತ್ತು ಸಿಗ್ನಲ್ ಗಟ್ಟಿ ಇದ್ದೂ ಸ್ಪೀಡ್ ಇಲ್ಲದಿರಬಹುದು. ಆಗ ಟವರಿನ ಮೇಲೆ ಜನ ಜಾಸ್ತಿ ಎಂದರ್ಥ. ಎಂಥ ಆಂಟೆನಾ ಹಾಕಿದರೂ ಅದು ಸರಿಯಾಗದು. ಬೇರೆ ಕಂಪನಿಯ ಸಿಮ್ಮೇ ಪರಿಹಾರ.

ಸಾಮಾನ್ಯ ತಪ್ಪು: ಕ್ಯಾಬಿನ್ ಒಳಗೆ ಕೂತು ಅಳೆಯುವುದು. ಮಾಡಿನ ಮೇಲೆ ನಿಂತು ಒಂದು ಸಲ, ಒಳಗೆ ಒಂದು ಸಲ ಅಳೆಯಿರಿ. ಆ ಎರಡು ಅಂಕಿಗಳ ನಡುವಿನ ವ್ಯತ್ಯಾಸ ನೋಡಿದರೆ ಆಂಟೆನಾ ಯಾಕೆ ಹೊರಗೆ ಬೇಕು ಎಂದು ತಾನಾಗಿಯೇ ತಿಳಿಯುತ್ತದೆ.

## ಹಂತ 2: ಸಿಮ್ ಮತ್ತು ಪ್ಲಾನ್

ಕಡಿಮೆ ಫ್ರೀಕ್ವೆನ್ಸಿ ದೂರ ಹೋಗುತ್ತದೆ. ಜಿಯೊ 4ಜಿ ಓಡುವುದು 850, 1800, 2300 ಮೆಗಾಹರ್ಟ್ಸ್‌ನಲ್ಲಿ. ಏರ್‌ಟೆಲ್ 900, 1800, 2100, 2300ರಲ್ಲಿ. ಬಿಎಸ್‌ಎನ್‌ಎಲ್ 4ಜಿ 700 ಮತ್ತು 2100ರಲ್ಲಿ. ಕಡಲಿನಲ್ಲಿ ದೂರ ಹೋದಂತೆ ಕೈಹಿಡಿಯುವುದು 700, 850, 900. ದಡದ ಹತ್ತಿರ ಸ್ಪೀಡ್ ಕೊಡುವುದು 2300. ಯಾವ ಟವರಿನಲ್ಲಿ ಯಾವುದಿದೆ ಎಂಬುದು ಊರಿಂದೂರಿಗೆ ಬೇರೆ. ಆದ್ದರಿಂದ ಜಾಹೀರಾತು ನೋಡಿ ಸಿಮ್ ಆರಿಸಬೇಡಿ, ಹಂತ 1ರ ಪಟ್ಟಿ ನೋಡಿ ಆರಿಸಿ.

ನಮ್ಮ ಕಡೆಯದೇ ಒಂದು ತೊಂದರೆ ಇದೆ. ಮಂಜೇಶ್ವರದ ಬೋಟು ತಲಪಾಡಿಯ ನೇರಕ್ಕೆ ಬಂದು ಉಳ್ಳಾಲದ ಕಡೆ ತಿರುಗಿದರೆ ಸಿಮ್ ಕೇರಳ ಸರ್ಕಲ್ (ಮೊಬೈಲ್ ಕಂಪನಿಗಳ ಸೇವಾ ವಲಯ) ಬಿಟ್ಟು ಕರ್ನಾಟಕ ಸರ್ಕಲ್ ಹಿಡಿಯುತ್ತದೆ. ಕೆಲವು ಫೋನು, ರೂಟರುಗಳಲ್ಲಿ ಇದು ರೋಮಿಂಗ್ ಎಂದೇ ದಾಖಲಾಗುತ್ತದೆ. ಡೇಟಾ ರೋಮಿಂಗ್ ಆಫ್ ಇದ್ದರೆ ಸಿಗ್ನಲ್ ಪೂರ್ತಿ ಇದ್ದೂ ಇಂಟರ್ನೆಟ್ ನಿಲ್ಲುತ್ತದೆ. ರೂಟರ್ ಕೆಟ್ಟಿತು ಎಂದು ಅಂಗಡಿಗೆ ತರುವವರಿದ್ದಾರೆ, ಕೆಟ್ಟಿರುವುದಿಲ್ಲ. ಫೋನಿನಲ್ಲೂ ರೂಟರಿನಲ್ಲೂ ಡೇಟಾ ರೋಮಿಂಗ್ ಆನ್ ಮಾಡಿಡಿ.

ಪ್ಲಾನ್ ಲೆಕ್ಕವೂ ಮಾಡಿ. ಸೆಕೆಂಡಿಗೆ 5 ಮೆಗಾಬಿಟ್‌ನಲ್ಲಿ ಓಡುವ ಎಚ್‌ಡಿ ವಿಡಿಯೊ ಗಂಟೆಗೆ ಸುಮಾರು 2.25 ಜಿಬಿ ನುಂಗುತ್ತದೆ. ದಿನಕ್ಕೆ 1.5 ಅಥವಾ 2 ಜಿಬಿ ಕೊಡುವ ಪ್ಲಾನ್ ಒಂದು ಸಿನಿಮಾದ ಅರ್ಧಕ್ಕೆ ಮುಗಿದು, ಆಮೇಲೆ ಸ್ಪೀಡ್ 64 ಕಿಲೋಬಿಟ್‌ಗೆ ಇಳಿಯುತ್ತದೆ. ಬೋಟಿಗೆ ಒಟ್ಟು ಡೇಟಾ ಒಟ್ಟಿಗೆ ಕೊಡುವ ಪ್ಲಾನ್ ಲೇಸು.

## ಹಂತ 3: ರೂಟರ್ ಆರಿಸುವಾಗ

ಜಾಸ್ತಿ ಜನ ಬೀಳುವ ಹಳ್ಳ ಇದು. ರೂಟರಿನ ಮೇಲೆ ಎರಡು ಕಡ್ಡಿ ಎದ್ದು ನಿಂತಿರುವುದನ್ನು ನೋಡಿ ಅದು ಟವರಿನ ಸಿಗ್ನಲ್ ಹಿಡಿಯುವ ಆಂಟೆನಾ ಎಂದುಕೊಳ್ಳುತ್ತಾರೆ. ಅಗ್ಗದ ಎಷ್ಟೋ ರೂಟರುಗಳಲ್ಲಿ ಅದು ಬರೀ ವೈಫೈ ಆಂಟೆನಾ. 4ಜಿಯದ್ದು ಒಳಗೆ ಇರುತ್ತದೆ, ಬದಲಿಸಲು ಬರುವುದಿಲ್ಲ. ರೂಟರಿನ ಮೈಮೇಲೆ 4ಜಿ ಅಥವಾ ಎಲ್‌ಟಿಇ ಎಂದು ಬರೆದ ಎರಡು ಎಸ್‌ಎಂಎ ತಿರುಗಿಸುವ ಜೋಡಣೆ ಇದೆಯಾ ನೋಡಿ. ಕೈಯಲ್ಲಿ ಹಿಡಿಯುವ ಸಣ್ಣ ಹಾಟ್‌ಸ್ಪಾಟ್ ಡಬ್ಬಿಗಳಲ್ಲಿ ಸಾಮಾನ್ಯವಾಗಿ ಇದು ಇರುವುದಿಲ್ಲ.

ಇನ್ನೆರಡು ವಿಷಯ ಪರೀಕ್ಷಿಸಿ. ಬ್ಯಾಂಡ್ ಎಂದರೆ ಹಂತ 2ರ ಫ್ರೀಕ್ವೆನ್ಸಿಗಳಿಗೆ ಕೊಟ್ಟ ನಂಬರು. ಬ್ಯಾಂಡ್ 3 (1800), 5 (850), 8 (900), 40 (2300) ಇರಬೇಕು, ಬಿಎಸ್‌ಎನ್‌ಎಲ್ ಬೇಕಾದರೆ 1 (2100) ಮತ್ತು 28 (700) ಕೂಡ. ಗಲ್ಫಿನಿಂದ ತಂದ ರೂಟರುಗಳಲ್ಲಿ ಇವೆಲ್ಲ ಇವೆಯೇ ಎಂದು ಪಟ್ಟಿ ನೋಡದೆ ನಂಬಬೇಡಿ. ಬ್ಯಾಂಡ್ ಲಾಕ್ ಮಾಡಲು, ಅಂದರೆ ಒಂದೇ ಬ್ಯಾಂಡಿಗೆ ಕಟ್ಟಿಹಾಕಲು ಬಂದರೆ ಇನ್ನೂ ಒಳ್ಳೆಯದು. ದಡದಿಂದ ದೂರ ಹೋದಮೇಲೆ ಜಿಯೊ ಸಿಮ್ಮಿನ ರೂಟರ್ 2300ಕ್ಕೂ 850ಕ್ಕೂ ಮಧ್ಯೆ ಓಡಾಡಿ ವಿಡಿಯೊ ನಿಲ್ಲಿಸುತ್ತದೆ. 850ಕ್ಕೆ ಲಾಕ್ ಮಾಡಿದರೆ ಸ್ಪೀಡ್ ಕಡಿಮೆಯಾದರೂ ಓಡುತ್ತಲೇ ಇರುತ್ತದೆ.

## ಹಂತ 4: ಆಂಟೆನಾ ಏರಿಸುವುದು

ಇಡೀ ಕೆಲಸದಲ್ಲಿ ಇದಕ್ಕಿಂತ ಮುಖ್ಯವಾದದ್ದು ಇಲ್ಲ. ಅವಸರ ಮಾಡಬೇಡಿ.

ಎತ್ತರ. ದಡದಿಂದ ಕೆಲವು ಕಿಲೋಮೀಟರ್ ದಾಟಿದ ಮೇಲೆ ಆಂಟೆನಾದ ಎತ್ತರ ಇಮ್ಮಡಿ ಮಾಡಿದರೆ ಸಿಗ್ನಲ್ ಸುಮಾರು 6 ಡೆಸಿಬೆಲ್ ಏರುತ್ತದೆ, ಅಂದರೆ ನಾಲ್ಕು ಪಟ್ಟು ಶಕ್ತಿ. ನೀರಿನ ಮೇಲೆ ಬಿದ್ದು ಹಾರುವ ಸಿಗ್ನಲ್ ನೇರ ಬರುವ ಸಿಗ್ನಲನ್ನು ಕೊಲ್ಲುವುದರಿಂದ ಹೀಗೆ. ಎರಡು ಮೀಟರಿನಿಂದ ಆರು ಮೀಟರಿಗೆ ಏರಿಸುವುದರಿಂದ ಸಿಗುವ ಲಾಭವನ್ನು ಎಷ್ಟು ದುಬಾರಿ ರೂಟರೂ ಕೊಡದು.

ಬಗೆ. ಒಂದೇ ದಿಕ್ಕಿಗೆ ನೋಡುವ ಆಂಟೆನಾ ಮನೆಗೆ ಸರಿ. ಬೋಟು ತಿರುಗುತ್ತಾ ಇರುತ್ತದೆ, ಲಂಗರು ಹಾಕಿದರೂ ಗಾಳಿಗೆ ಸುತ್ತುತ್ತದೆ. ಆದ್ದರಿಂದ ಸುತ್ತಲೂ ಹಿಡಿಯುವ ಓಮ್ನಿ ಆಂಟೆನಾವೇ ಬೇಕು. ಅಂಗಡಿಯವರು 12 ಡಿಬಿಐ ಇದೆ, ತಗೊಳ್ಳಿ ಎನ್ನಬಹುದು. ಬೇಡ. ಡಿಬಿಐ ಎಂದರೆ ಆಂಟೆನಾ ಒಂದು ದಿಕ್ಕಿಗೆ ಎಷ್ಟು ಬಲವಾಗಿ ಹಿಡಿಯುತ್ತದೆ ಎಂಬ ಅಳತೆ. ಅದು ಜಾಸ್ತಿಯಾದಷ್ಟು ಆಂಟೆನಾದ ನೋಟ ತೆಳ್ಳಗೆ, ಚಪ್ಪಟೆಯಾಗುತ್ತದೆ. ಅಲೆಗೆ ಬೋಟು ವಾಲಿದಾಗ ಆ ನೋಟ ಒಮ್ಮೆ ನೀರಿಗೆ, ಒಮ್ಮೆ ಆಕಾಶಕ್ಕೆ ಹೋಗುತ್ತದೆ. ಕಡಲಿಗೆ 5, 6 ಡಿಬಿಐ ಸಾಕು. ಅಲುಗಾಡದ ಹಿನ್ನೀರಿನ ಹೌಸ್‌ಬೋಟಿಗೆ ಇನ್ನೂ ಸ್ವಲ್ಪ ಜಾಸ್ತಿ ನಡೆಯುತ್ತದೆ.

ಕೇಬಲ್. ಏರಿಸಿ ಗಳಿಸಿದ್ದನ್ನು ಕೇಬಲಿನಲ್ಲಿ ಕಳೆದುಕೊಳ್ಳಬೇಡಿ. ಆರ್‌ಜಿ 58 ಎಂಬ ತೆಳ್ಳಗಿನ ಕೇಬಲ್ 1800 ಮೆಗಾಹರ್ಟ್ಸ್‌ನಲ್ಲಿ ಹತ್ತು ಮೀಟರಿಗೆ ಸುಮಾರು 7 ಡೆಸಿಬೆಲ್ ತಿನ್ನುತ್ತದೆ. ಐದರಲ್ಲಿ ನಾಲ್ಕು ಪಾಲು ದಾರಿಯಲ್ಲೇ ಹೋಯಿತು! ಎಲ್‌ಎಂಆರ್ 400 ದಪ್ಪ ಕೇಬಲ್ ಅದೇ ದೂರಕ್ಕೆ ಎರಡು ಡೆಸಿಬೆಲಿನೊಳಗೆ ನಿಲ್ಲುತ್ತದೆ. ಅದಕ್ಕಿಂತ ಚೆನ್ನಾದ ಉಪಾಯ ಇನ್ನೊಂದಿದೆ: ರೂಟರನ್ನೇ ನೀರು ನುಗ್ಗದ ಪೆಟ್ಟಿಗೆಯಲ್ಲಿಟ್ಟು ಕಂಬದ ಬುಡದಲ್ಲಿ ಕೂರಿಸಿ, ಆಂಟೆನಾ ಕೇಬಲ್ ಒಂದೆರಡು ಮೀಟರ್ ಮಾತ್ರ ಬಿಡಿ. ಅಲ್ಲಿಂದ ಕ್ಯಾಬಿನ್‌ಗೆ ಲ್ಯಾನ್ ಕೇಬಲ್ ಎಳೆಯಿರಿ. ಬಿಳಿ ಬಣ್ಣದ ಪೆಟ್ಟಿಗೆ, ನೆರಳಿರುವ ಮಗ್ಗುಲು. ಮಾರ್ಚ್, ಏಪ್ರಿಲ್ ಬಿಸಿಲಿಗೆ ರೂಟರ್ ಕಾದು ತಾನಾಗಿಯೇ ಆಫ್ ಆಗುತ್ತದೆ.

ಜೋಡಣೆ. ಉಪ್ಪುಗಾಳಿ ಮೊದಲು ಹಿಡಿಯುವುದು ಆಂಟೆನಾ ಜೋಡಿಸುವ ತುದಿಯನ್ನು. ಟೇಪು ಸುತ್ತದೆ ಬಿಟ್ಟ ಒಂದನ್ನು ಕೆಲವು ತಿಂಗಳ ನಂತರ ತಿರುಗಿಸಿ ಬಿಚ್ಚಿ ನೋಡಿ. ಚಿನ್ನದ ಬಣ್ಣದ ಒಳಗಿನ ತಿರುಪು ಹಸಿರಾಗಿರುತ್ತದೆ, ಮಧ್ಯದ ಸೂಜಿಯ ಸುತ್ತ ಬಿಳಿ ಪುಡಿ ಕೂತಿರುತ್ತದೆ. ಒರೆಸಿದರೂ ಮೊದಲಿನಂತೆ ಆಗುವುದಿಲ್ಲ, ಬದಲಿಸಬೇಕು. ಹೀಗಾಗದಿರಲು, ಕೈಯಲ್ಲಿ ಬಿಗಿ ಮಾಡಿದ ಮೇಲೆ ರಬ್ಬರ್ ಟೇಪನ್ನು ಅರ್ಧ ಅಗಲಕ್ಕೆ ಎಳೆದು, ಕೆಳಗಿನಿಂದ ಮೇಲಕ್ಕೆ ಸುತ್ತಿ. ಒಂದು ಸುತ್ತು ಹಿಂದಿನ ಸುತ್ತಿನ ಅರ್ಧ ಮುಚ್ಚಬೇಕು. ಮೇಲಿನಿಂದ ಕೆಳಕ್ಕೆ ಸುತ್ತಿದರೆ ಪ್ರತಿ ಸುತ್ತಿನ ಅಂಚಿನಲ್ಲೂ ಮಳೆನೀರು ನಿಲ್ಲುತ್ತದೆ. ಕೇಬಲ್ ಒಳಗೆ ಹೋಗುವ ತೂತಿನ ಮುಂಚೆ ಕೆಳಕ್ಕೆ ಒಂದು ಬಾಗು ಬಿಡಿ. ನೀರು ಆ ಬಾಗಿನಲ್ಲೇ ತೊಟ್ಟಿಕ್ಕಿ ಹೋಗುತ್ತದೆ.

ಅಪಾಯ. ಬೋಟಿನಿಂದ ಬೋಟಿಗೆ, ದಡಕ್ಕೆ ಮಾತಾಡುವ ವಿಎಚ್‌ಎಫ್ ರೇಡಿಯೊದ ಆಂಟೆನಾದಿಂದ ಒಂದು ಮೀಟರಾದರೂ ದೂರ ಇರಲಿ. ಅದನ್ನು ಸರಿಸಿ ಇಂಟರ್ನೆಟ್ ಆಂಟೆನಾಕ್ಕೆ ಜಾಗ ಮಾಡುವುದು ಖಂಡಿತ ಬೇಡ. ಬಲೆ ಎಳೆಯುವ ಹಗ್ಗ ಎಲ್ಲಿ ಓಡುತ್ತದೆ ಎಂದು ಬೋಟು ನಡೆಸುವ ತಾಂಡೇಲರನ್ನು ಕೇಳಿಯೇ ಕಂಬದ ಜಾಗ ಗುರುತು ಮಾಡಿ. ಹಿನ್ನೀರಿನಲ್ಲಿ ಸೇತುವೆ, ಕರೆಂಟಿನ ತಂತಿ ಎರಡೂ ಇವೆ. ಇಳಿತದಲ್ಲಿ ಆರಾಮಾಗಿ ದಾಟಿದ ಕಂಬ ಉಬ್ಬರದಲ್ಲಿ ತಾಗಬಹುದು. ಹೌಸ್‌ಬೋಟಿಗೆ ಮಡಚುವ ಕಂಬವನ್ನೇ ಹಾಕಿ. ತಂತಿಯ ಅಡಿ ಹೋಗುವ ದಾರಿಯಿದ್ದರೆ ಲೋಹದ ಕಂಬ ಬೇಡ, ಫೈಬರ್ ಕಂಬ ಇರಲಿ. ಆದರೆ ಫೈಬರ್ ಕಂಬ ಇದೆ ಎಂದು ತಂತಿಯ ಹತ್ತಿರ ಹೋಗಬೇಡಿ, ಆಂಟೆನಾ ಕೇಬಲ್ ಲೋಹವೇ. ಸಿಡಿಲು ಬರುವಾಗ ಕೇಬಲ್ ಮುಟ್ಟಬೇಡಿ. ಮೋಡ ಕಟ್ಟುವ ಮೊದಲೇ ರೂಟರಿನಿಂದ ಕಳಚಿಡಿ. ಅಕ್ಟೋಬರ್, ನವೆಂಬರ್ ಮಧ್ಯಾಹ್ನಗಳಲ್ಲಿ ಇದು ದಿನದ ಅಭ್ಯಾಸ ಆಗಬೇಕು.

ಇನ್ನೊಂದು ಮಾತು. ಸಿಗ್ನಲ್ ಬೂಸ್ಟರ್, ರಿಪೀಟರ್ ಹೆಸರಿನಲ್ಲಿ ಆನ್‌ಲೈನ್ ಮಾರುವ ಪೆಟ್ಟಿಗೆ ತರಬೇಡಿ. ಅನುಮತಿ ಇಲ್ಲದೆ ಅದನ್ನು ಹಾಕುವುದು ನಮ್ಮ ದೇಶದಲ್ಲಿ ಕಾನೂನುಬಾಹಿರ. ಜೊತೆಗೆ ಅದು ಟವರಿಗೆ ಗದ್ದಲ ತುಂಬಿ ಸುತ್ತಮುತ್ತಲಿನ ಎಲ್ಲರ ಫೋನನ್ನೂ ಹಾಳು ಮಾಡುತ್ತದೆ.

## ಹಂತ 5: ಕರೆಂಟು

ಇಂಜಿನ್ ಸ್ಟಾರ್ಟ್ ಮಾಡುವ ಬ್ಯಾಟರಿಯಿಂದ ಟಿವಿ ಓಡಿಸಬೇಡಿ. ಈ ಮಾರ್ಗದರ್ಶಿಯಲ್ಲಿ ಒಂದೇ ವಾಕ್ಯ ನೆನಪಿಡುವುದಾದರೆ ಇದನ್ನೇ ನೆನಪಿಡಿ. ರಾತ್ರಿ ಕ್ರಿಕೆಟ್ ನೋಡಿ ಬೆಳಗ್ಗೆ ಇಂಜಿನ್ ತಿರುಗದಿದ್ದರೆ, ನಡುಕಡಲಿನಲ್ಲಿ ಅದು ಪ್ರಾಣದ ಪ್ರಶ್ನೆ. ಟಿವಿ, ರೂಟರಿಗೆ ಬೇರೆಯೇ ಬ್ಯಾಟರಿ ಇಡಿ.

ಲೆಕ್ಕ ಸುಲಭ. 24 ಇಂಚಿನ ಎಲ್‌ಇಡಿ ಟಿವಿ 30 ವ್ಯಾಟ್, ರೂಟರ್ 10, ಟಿವಿಗೆ ಚುಚ್ಚಿ ಇಂಟರ್ನೆಟ್ ವಿಡಿಯೊ ನೋಡುವ ಸ್ಟ್ರೀಮಿಂಗ್ ಸ್ಟಿಕ್ 5 ಎಂದಿಟ್ಟುಕೊಳ್ಳಿ. ಒಟ್ಟು 45 ವ್ಯಾಟ್, 12 ವೋಲ್ಟಿನಲ್ಲಿ ಸುಮಾರು 4 ಆಂಪಿಯರ್. ನಾಲ್ಕು ಗಂಟೆಗೆ 16 ಆಂಪಿಯರ್ ಅವರ್. 100 ಆಂಪಿಯರ್ ಅವರ್‌ನ ಮಾಮೂಲಿ ಬ್ಯಾಟರಿಯಲ್ಲಿ ಅರ್ಧ ಮಾತ್ರ ಬಳಸಬೇಕು, ಇಲ್ಲವಾದರೆ ಅದರ ಆಯುಸ್ಸು ಕರಗುತ್ತದೆ. ಹಾಗಾಗಿ ಮಲ್ಟಿಮೀಟರ್ ಹಿಡಿದು ನೋಡಿ. ಲೋಡ್ ಇಲ್ಲದಾಗ 12.6 ವೋಲ್ಟಿನ ಮೇಲಿದ್ದರೆ ಪೂರ್ತಿ ಚಾರ್ಜ್, 12.2ಕ್ಕೆ ಬಂದರೆ ಹೆಚ್ಚುಕಡಿಮೆ ಅರ್ಧ ಮುಗಿದಿದೆ.

ದೊಡ್ಡ ಬೋಟುಗಳಲ್ಲಿ ಎರಡು ಬ್ಯಾಟರಿ ಸರಣಿಯಲ್ಲಿ ಸೇರಿ 24 ವೋಲ್ಟ್ ಇರಬಹುದು. ಅವುಗಳಲ್ಲಿ ಒಂದರಿಂದ ಮಾತ್ರ 12 ವೋಲ್ಟ್ ಕದಿಯುವ ಅಭ್ಯಾಸ ಬಂದರಿನಲ್ಲಿ ಜಾಸ್ತಿ. ಆ ಒಂದು ಬ್ಯಾಟರಿ ಸದಾ ಹಸಿದಿರುತ್ತದೆ, ಇನ್ನೊಂದು ಅತಿಯಾಗಿ ಚಾರ್ಜ್ ಆಗುತ್ತದೆ, ಕೊನೆಗೆ ಎರಡೂ ಹೋಗುತ್ತವೆ. 24ರಿಂದ 12ಕ್ಕೆ ಇಳಿಸುವ ಕನ್ವರ್ಟರ್ ಹಾಕಿ.

ವಯರಿನ ದಪ್ಪವೂ ಮುಖ್ಯ. ಐದು ಮೀಟರ್ ದೂರಕ್ಕೆ 5 ಆಂಪಿಯರ್ ಹರಿಸಿದರೆ 0.75 ಚದರ ಮಿಲಿಮೀಟರ್ ವಯರಿನಲ್ಲಿ ಒಂದು ವೋಲ್ಟಿಗಿಂತ ಜಾಸ್ತಿ ಇಳಿಯುತ್ತದೆ. 2.5ರ ವಯರಿನಲ್ಲಿ ಇಳಿಯುವುದು ಅದರ ಮೂರನೇ ಒಂದು ಪಾಲಿಗೂ ಕಡಿಮೆ. ಟಿವಿ ಇದ್ದಕ್ಕಿದ್ದಂತೆ ಆಫ್ ಆಗಿ ಮತ್ತೆ ಆನ್ ಆಗುತ್ತಿದ್ದರೆ ಮೊದಲು ಅನುಮಾನಿಸಬೇಕಾದ್ದು ಈ ವಯರನ್ನು. ಫ್ಯೂಸನ್ನು ಟಿವಿ ಹತ್ತಿರ ಹಾಕದೆ ಬ್ಯಾಟರಿಯ ಪ್ಲಸ್ ತುದಿಯ ಹತ್ತಿರವೇ ಹಾಕಿ. ಮಧ್ಯದಲ್ಲಿ ವಯರು ಉಜ್ಜಿ ಶಾರ್ಟ್ ಆದರೆ ಬೆಂಕಿ ತಡೆಯುವುದು ಅದೇ.

ಇನ್ವರ್ಟರ್ ಆದಷ್ಟು ಬೇಡ. ಸಣ್ಣ ಟಿವಿಗಳ ಅಡಾಪ್ಟರಿನ ಹಿಂದೆ 12 ವೋಲ್ಟ್ ಎಂದು ಬರೆದಿದ್ದರೆ ಬ್ಯಾಟರಿಯಿಂದಲೇ ಓಡಿಸಬಹುದು. ಆದರೆ ನೇರ ಸಿಕ್ಕಿಸಬೇಡಿ, ಇಂಜಿನ್ ಓಡುವಾಗ ವೋಲ್ಟೇಜ್ 14.4ರ ತನಕ ಹೋಗುತ್ತದೆ. ಸ್ಥಿರ 12 ವೋಲ್ಟ್ ಕೊಡುವ ಕನ್ವರ್ಟರ್ ಮಧ್ಯೆ ಇರಲಿ.

## ಹಂತ 6: ಟಿವಿ ಮತ್ತು ಆ್ಯಪ್

ಎಲ್ಲ ಲಾಗಿನ್, ಅಪ್‌ಡೇಟ್ ದಡದಲ್ಲೇ, ಮನೆಯ ವೈಫೈಯಲ್ಲೇ ಮುಗಿಸಿ. ಆಮೇಲೆ ಟಿವಿಯ ಆಟೊ ಅಪ್‌ಡೇಟ್ ಆಫ್ ಮಾಡಿ. ಸುಮ್ನೆ ಕೂತ ಟಿವಿ ಅಪ್‌ಡೇಟ್ ಎಳೆದು ದಿನದ ಡೇಟಾ ಮುಗಿಸಿಬಿಡುತ್ತದೆ.

ಪ್ರತಿ ಆ್ಯಪ್‌ನಲ್ಲೂ ಗುಣಮಟ್ಟವನ್ನು ಆಟೊದಿಂದ ತೆಗೆದು 480ಕ್ಕೆ ನಿಲ್ಲಿಸಿ. ನೆಟ್‌ಫ್ಲಿಕ್ಸ್ ಹೇಳುವ ಪ್ರಕಾರ 720ಕ್ಕೆ 3 ಮೆಗಾಬಿಟ್, 1080ಕ್ಕೆ 5 ಮೆಗಾಬಿಟ್ ಬೇಕು. 24 ಇಂಚಿನ ಪರದೆಯಲ್ಲಿ, ಅಲುಗಾಡುವ ಬೋಟಿನಲ್ಲಿ 480ಕ್ಕೂ 1080ಕ್ಕೂ ವ್ಯತ್ಯಾಸ ಅಷ್ಟು ಕಾಣುವುದಿಲ್ಲ. ಯೂಟ್ಯೂಬಿನಲ್ಲಿ ಯಕ್ಷಗಾನ ಲೈವ್ ನೋಡುವವರಿಗೆ ಒಂದು ಸಲಹೆ: ಲೈವಿನ ತುದಿಯಲ್ಲಿ ಕೂರಬೇಡಿ. ಎರಡು ನಿಮಿಷ ಹಿಂದಕ್ಕೆ ಎಳೆದು ನೋಡಿ. ಮುಂದಿನ ಭಾಗ ಮೊದಲೇ ಬಂದು ಕೂರಲು ಜಾಗ ಸಿಗುತ್ತದೆ, ಭಾಗವತರ ಪದ ಅರ್ಧಕ್ಕೆ ನಿಲ್ಲುವುದಿಲ್ಲ.

ಟಿವಿ ಬಹಳ ದಿನ ಆಫ್ ಇದ್ದು ಆನ್ ಮಾಡಿದಾಗ ಯಾವ ಆ್ಯಪ್ಪೂ ತೆರೆಯದಿದ್ದರೆ ದಿನಾಂಕ, ಸಮಯ ನೋಡಿ. ಹಳೆಯ ತಾರೀಖಿದ್ದರೆ ಸುರಕ್ಷಿತ ಸಂಪರ್ಕ ಕೂಡುವುದಿಲ್ಲ. ಕೈಯಲ್ಲೇ ಸರಿ ಮಾಡಿ.

ಹೌಸ್‌ಬೋಟಿನವರು ತಮ್ಮ ಮನೆಯ ಖಾತೆಯನ್ನು ಅತಿಥಿಗಳ ಟಿವಿಗೆ ಹಾಕಬೇಡಿ. ಮನೆಬಳಕೆಯ ಖಾತೆ ವ್ಯಾಪಾರಕ್ಕಲ್ಲ. ಅತಿಥಿಗಳು ತಮ್ಮದೇ ಖಾತೆ ಹಾಕಲಿ, ಇಳಿದು ಹೋಗುವಾಗ ಸೈನ್ ಔಟ್ ಆಯಿತೇ ಎಂದು ನೀವು ನೋಡಿ.

ಟಿವಿಯನ್ನು ಚುಕ್ಕಾಣಿ ಹಿಡಿದವರ ಕಣ್ಣಿಗೆ ಕಾಣದ ಕಡೆ ಹಾಕಿ. ರಾತ್ರಿ ಪರದೆಯ ಬೆಳಕು ಗಾಜಿನಲ್ಲಿ ಹೊಳೆದರೆ ಎದುರಿನ ದೋಣಿ ಕಾಣುವುದಿಲ್ಲ.

## ಹಂತ 7: ದೂರ ಹೋಗುವವರಿಗೆ ಡೌನ್‌ಲೋಡ್

ಸಿಗ್ನಲ್ ಮುಗಿಯುವ ಜಾಗ ನಿಮ್ಮ ಪಟ್ಟಿಯಲ್ಲೇ ಇದೆ. ಅದರಾಚೆಗೆ ಫೋನು ಅಥವಾ ಟ್ಯಾಬಿನಲ್ಲಿ ಡೌನ್‌ಲೋಡ್ ಮಾಡಿದ್ದೇ ಟಿವಿ.

ಇಲ್ಲಿ ಎರಡು ತಪ್ಪು ಪದೇ ಪದೇ ಆಗುತ್ತವೆ. ಒಂದು, ಫೋನಿನಿಂದ ಟಿವಿಗೆ ತೋರಿಸಬಹುದು ಎಂದುಕೊಂಡು ಹೋಗುವುದು. ಎಷ್ಟೋ ಫೋನುಗಳ ಟೈಪ್ ಸಿ ಕಿಂಡಿಯಿಂದ ಚಿತ್ರ ಹೊರಗೆ ಬರುವುದೇ ಇಲ್ಲ. ಬಂದರೂ ಕೆಲವು ಆ್ಯಪ್ ಕರಿ ಪರದೆ ತೋರಿಸುತ್ತವೆ. ಎರಡು, ಡೌನ್‌ಲೋಡಿಗೆ ಅವಧಿ ಇರುವುದನ್ನು ಮರೆಯುವುದು. ಕೆಲವು ಸಿನಿಮಾ ನೋಡಲು ಶುರು ಮಾಡಿದ 48 ಗಂಟೆಯಲ್ಲಿ ಮುಚ್ಚಿಹೋಗುತ್ತವೆ. ಬಂದರು ಬಿಡುವ ಮೊದಲು ಫೋನನ್ನು ಏರೋಪ್ಲೇನ್ ಮೋಡಿಗೆ ಹಾಕಿ ಪ್ರತಿಯೊಂದನ್ನೂ ಒಂದು ನಿಮಿಷ ಓಡಿಸಿ ನೋಡಿ.

## ಡಿಶ್ ಮತ್ತು ಸ್ಯಾಟಲೈಟ್

ಕಟ್ಟಿ ನಿಲ್ಲಿಸಿದ ಹೌಸ್‌ಬೋಟಿನ ಮೇಲೆ ಡಿಟಿಎಚ್ ಡಿಶ್ ಹಾಕಬೇಡಿ. ಡಿಡಿ ಫ್ರೀ ಡಿಶ್ ಬರುವ 93.5 ಡಿಗ್ರಿಯ ಉಪಗ್ರಹ ನಮ್ಮ ಜಿಲ್ಲೆಯಿಂದ ನೋಡಿದರೆ ಆಗ್ನೇಯದಿಂದ ಸ್ವಲ್ಪ ಪೂರ್ವಕ್ಕೆ, ಸುಮಾರು 64 ಡಿಗ್ರಿ ಎತ್ತರದಲ್ಲಿದೆ. ಡಿಶ್ ಒಂದೆರಡು ಡಿಗ್ರಿ ಸರಿದರೂ ಚಿತ್ರ ಹೋಗುತ್ತದೆ, ಹಗ್ಗ ಸಡಿಲವಿದ್ದರೆ ಬೋಟು ಅದಕ್ಕಿಂತ ಜಾಸ್ತಿ ಸರಿಯುತ್ತದೆ. ಡಿಶ್ಶನ್ನು ಜೆಟ್ಟಿಯ ಕಂಬಕ್ಕೆ ಹಾಕಿ, ಕೇಬಲ್ ಮಾತ್ರ ಬೋಟಿಗೆ ತನ್ನಿ, ಹೊರಡುವಾಗ ಕಳಚಿ. ಡಿಡಿ ಚಂದನ ತಿಂಗಳ ಬಾಡಿಗೆ ಇಲ್ಲದೆ ಬರುತ್ತದೆ.

ಹಡಗುಗಳಿಗೆ ಪರವಾನಗಿ ಪಡೆದ ಕಂಪನಿಗಳ ಸ್ಯಾಟಲೈಟ್ ಇಂಟರ್ನೆಟ್ ಇದೆ, 2018ರ ನಿಯಮದ ಅಡಿಯಲ್ಲಿ. ನಮ್ಮ ಬೋಟುಗಳಿಗೆ ಆ ಖರ್ಚು ಹೊಂದುವುದಿಲ್ಲ. ಆದರೆ ವಿದೇಶದಿಂದ ಯಾರೋ ತಂದುಕೊಟ್ಟ ಸ್ಯಾಟಲೈಟ್ ಫೋನು, ಡಿಶ್ ಕಿಟ್ ಬಳಸಲೇಬೇಡಿ. ಅನುಮತಿ ಇಲ್ಲದ ಸ್ಯಾಟಲೈಟ್ ಫೋನ್ ಇಟ್ಟುಕೊಂಡರೇ ಕೇಸು. ಕರಾವಳಿಯಲ್ಲಿ ಅದನ್ನು ಭದ್ರತೆಯ ವಿಷಯವಾಗಿ ನೋಡುತ್ತಾರೆ.

## ಈ ಸೂಚನೆ ಕಂಡರೆ ನಿಲ್ಲಿಸಿ ನೋಡಿ

ಮಳೆಯ ಮರುದಿನದಿಂದ ಸಿಗ್ನಲ್ ಹತ್ತು ಡೆಸಿಬೆಲ್ ಇಳಿದರೆ ಜೋಡಣೆಯೊಳಗೆ ನೀರು ಹೋಗಿದೆ. ಬೋಟು ವಾಲಿದಾಗಲೆಲ್ಲ ಸಂಪರ್ಕ ಕಡಿದರೆ ಆಂಟೆನಾದ ಡಿಬಿಐ ಜಾಸ್ತಿ ಅಥವಾ ಕಂಬ ಸಡಿಲ. ಫ್ಯೂಸ್ ಎರಡನೇ ಸಲ ಹೋದರೆ ದೊಡ್ಡ ಫ್ಯೂಸ್ ಹಾಕಬೇಡಿ, ಶಾರ್ಟ್ ಹುಡುಕಿ. ವಯರು ಕೈಗೆ ಬಿಸಿ ತಾಗಿದರೆ ಆ ಕ್ಷಣ ಆಫ್ ಮಾಡಿ.

ಇಂಟರ್ನೆಟ್ ಬಂತು ಎಂದು ವಿಎಚ್‌ಎಫ್ ಆಫ್ ಮಾಡುವುದು ದೊಡ್ಡ ಅಪಾಯ. ಅಪಾಯದ ಕರೆಗಳು ಬರುವ ಚಾನೆಲ್ 16 ಸದಾ ತೆರೆದಿರಲಿ. ಕೋಸ್ಟ್ ಗಾರ್ಡಿನ 1554, ಕರಾವಳಿ ಪೊಲೀಸರ 1093 ಎರಡನ್ನೂ ಟಿವಿಯ ಪಕ್ಕದಲ್ಲೇ ದೊಡ್ಡದಾಗಿ ಬರೆದು ಅಂಟಿಸಿ. ಅಪಾಯದ ಸಂದೇಶ ಕಳಿಸುವ ಉಪಕರಣ ಬೋಟಿನಲ್ಲಿದ್ದರೆ ಅದರ ಬ್ಯಾಟರಿಗೆ ಟಿವಿಯ ವಯರು ಸೇರಿಸಬೇಡಿ.

## ಮಳೆಗಾಲದ ಕೆಲಸ

ಕೇರಳದಲ್ಲಿ ಟ್ರಾಲಿಂಗ್ ನಿಷೇಧ ಜೂನ್ 9ರ ಮಧ್ಯರಾತ್ರಿಯಿಂದ ಜುಲೈ 31ರವರೆಗೆ, 52 ದಿನ. ಬೋಟು ದಡ ಸೇರಿದ ವಾರದಲ್ಲೇ ಆಂಟೆನಾ ಇಳಿಸಿ, ಸಿಹಿನೀರಿನಲ್ಲಿ ಒರೆಸಿ. ಟೇಪು ಬಿಚ್ಚಿ ಒಂದೊಂದು ಜೋಡಣೆ ನೋಡಿ, ಹಸಿರು ಕಂಡದ್ದನ್ನು ಬದಲಿಸಿ. ರೂಟರ್, ಟಿವಿ ಮನೆಗೆ ಒಯ್ಯಿರಿ. ಬ್ಯಾಟರಿಯನ್ನು ಪೂರ್ತಿ ಚಾರ್ಜ್ ಮಾಡಿ, ತಂತಿ ಕಳಚಿ ಇಡಿ, ತಿಂಗಳಿಗೊಮ್ಮೆ ಮತ್ತೆ ಚಾರ್ಜ್ ಕೊಡಿ. ಜುಲೈ ಕೊನೆಯ ವಾರ ಎಲ್ಲ ಜೋಡಿಸಿ, ಹಂತ 1ರ ಅಳತೆಯನ್ನು ಬಂದರಿನಲ್ಲಿ ಮತ್ತೊಮ್ಮೆ ಮಾಡಿ. ಕಳೆದ ವರ್ಷದ ಅಂಕಿಗಿಂತ ಕಡಿಮೆ ಬಂದರೆ ಬೋಟು ಇಳಿಸುವ ಮೊದಲೇ ಕೇಬಲ್ ಪರೀಕ್ಷಿಸಿ.